ಮರದ ಕಾಂಡದ ಮೇಲಿನ ಬಿಳಿ ಮಚ್ಚೆ ರೋಗವೇ? ಕೆರೆಯುವ ಮುನ್ನ ಒಂದು ಫೋಟೋ ತೆಗೆಯಿರಿ

ಮಾವಿನ ಮರದ ಕಾಂಡದ ಮೇಲೆ ಸುಣ್ಣ ಎರಚಿದಂತೆ ಬಿಳಿ ಮಚ್ಚೆಗಳು. ಅಡಿಕೆ ಮರದ ಮೈತುಂಬ ಬೂದು ಬಣ್ಣದ ತೇಪೆಗಳು. ಸಪೋಟದ ಕೊಂಬೆಗೆ ಎಲೆಕೋಸಿನ ಚೂರಿನಂತೆ ಅಂಟಿಕೊಂಡ ಹಸಿರು ಪದರ. ಇಂಥದ್ದೊಂದು ಫೋಟೋ ವಾಟ್ಸಾಪ್ ಗುಂಪಿಗೆ ಬಂದರೆ ಸಾಕು, ಕೆಳಗೆ ಉತ್ತರಗಳ ಸಾಲೇ ಶುರುವಾಗುತ್ತದೆ. "ಇದು ಫಂಗಸ್ ರೋಗ, ಮರ ಸಾಯುತ್ತೆ." "ಕೆರೆದು ಸುಣ್ಣ ಬಳಿಯಿರಿ." "ಮೈಲುತುತ್ತದ ದ್ರಾವಣ ಹೊಡೆಯಿರಿ." "ಮುಟ್ಟಬೇಡಿ, ಚರ್ಮಕ್ಕೆ ಹರಡುತ್ತೆ." ಇನ್ನೊಂದು ಗುಂಪಿನಲ್ಲಿ ಇದಕ್ಕೆ ತದ್ವಿರುದ್ಧ ಮಾತು: "ಇದು ಇರುವ ಕಡೆ ಗಾಳಿ ನೂರಕ್ಕೆ ನೂರು ಶುದ್ಧ."

ಈ ಐದರಲ್ಲಿ ಮೊದಲ ನಾಲ್ಕು ತಪ್ಪು, ಐದನೆಯದು ಅರ್ಧ ಸತ್ಯ. ಇಂಥ ತಪ್ಪು ಮಾತಿಗೆ ಬೆಲೆ ತೆರುವುದು ಮರ ಮತ್ತು ಮರದ ಮಾಲೀಕರು. ಚೆನ್ನಾಗಿರುವ ಮರದ ತೊಗಟೆಯನ್ನು ಕೆರೆದು ಗಾಯ ಮಾಡುತ್ತಾರೆ, ಬೇಡದ ಔಷಧಿಗೆ ದುಡ್ಡು ಸುರಿಯುತ್ತಾರೆ, ಕೆಲವೊಮ್ಮೆ ಮರವನ್ನೇ ಕಡಿಸುತ್ತಾರೆ. ಮರಕ್ಕೆ ನಿಜವಾಗಿಯೂ ರೋಗ ಬಂದಿದ್ದರೆ, ಅದರ ಲಕ್ಷಣ ಬೇರೆಲ್ಲೋ ಇರುತ್ತದೆ. ಅದನ್ನು ಯಾರೂ ನೋಡುವುದಿಲ್ಲ. ಆದ್ದರಿಂದ ಈ ಮಚ್ಚೆಗಳು ಏನು, ಅವನ್ನು ಗುರುತಿಸುವುದು ಹೇಗೆ, ಮೊಬೈಲಿನಲ್ಲಿ ಸರಿಯಾಗಿ ಫೋಟೋ ತೆಗೆಯುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಇದು ಏನು?

ಇದರ ಹೆಸರು ಲೈಕನ್. ಕನ್ನಡದಲ್ಲಿ ಕಲ್ಲುಹೂವು. ಹೌದು, ಮಸಾಲೆ ಪುಡಿಗೆ ಹಾಕುವ ಕಲ್ಲುಹೂವು ಕೂಡ ಇದೇ ಬಳಗದ್ದು. ಹೆಸರಿನಲ್ಲಿ ಕಲ್ಲು ಇದ್ದರೂ ಅದು ಮರದ ಮೇಲೂ ಬೆಳೆಯುತ್ತದೆ. ಹೆಸರಿನಲ್ಲಿ ಹೂವು ಇದ್ದರೂ ಅದು ಹೂವಲ್ಲ, ಗಿಡವೂ ಅಲ್ಲ.

ಲೈಕನ್ ಎಂದರೆ ಒಂದು ಜೀವಿಯಲ್ಲ, ಒಂದು ಕೂಡು ಕುಟುಂಬ. ಇದರಲ್ಲಿ ಒಂದು ಶಿಲೀಂಧ್ರ ಇರುತ್ತದೆ. ಅದರ ಎಳೆಗಳ ನಡುವೆ ಪಾಚಿಯ ಕಣಗಳು ಅಥವಾ ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು ವಾಸ ಮಾಡುತ್ತವೆ. ಶಿಲೀಂಧ್ರ ಮನೆ ಕಟ್ಟಿಕೊಡುತ್ತದೆ, ತೇವ ಹಿಡಿದಿಡುತ್ತದೆ, ಬಿಸಿಲಿನಿಂದ ಕಾಪಾಡುತ್ತದೆ. ಪಾಚಿ ಬಿಸಿಲು ಬಳಸಿ ಅಡುಗೆ ಮಾಡುತ್ತದೆ. ಆ ಅಡುಗೆಯಲ್ಲಿ ಶಿಲೀಂಧ್ರಕ್ಕೂ ಪಾಲು.

ಲೈಕನ್ ಹೀಗೆ ಇಬ್ಬರ ಸಂಸಾರ ಎಂದು 1867ರಲ್ಲಿ ಮೊದಲು ಹೇಳಿದವರು ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡೆನರ್. ಅಂದಿನ ಹಲವು ಪಂಡಿತರು ಇದನ್ನು ಒಪ್ಪದೆ ಲೇವಡಿ ಮಾಡಿದರು. ಕೊನೆಗೆ ನಿಜವೆಂದು ಸಾಬೀತಾಯಿತು. 2016ರಲ್ಲಿ ಟೋಬಿ ಸ್ಪ್ರಿಬಿಲ್ ಮತ್ತು ಸಂಗಡಿಗರು ಕಥೆಗೆ ಇನ್ನೊಂದು ತಿರುವು ಕೊಟ್ಟರು. ಹಲವು ಲೈಕನ್‌ಗಳ ಹೊರಪದರದಲ್ಲಿ ಯೀಸ್ಟ್ ರೂಪದ ಮತ್ತೊಂದು ಶಿಲೀಂಧ್ರವೂ ಇದೆ ಎಂದು ತೋರಿಸಿದರು. ಅಂದರೆ ಸಂಸಾರದಲ್ಲಿ ಮೂರನೆಯವರೂ ಇರಬಹುದು.

"ಶಿಲೀಂಧ್ರ ಇದೆ ಅಂದಮೇಲೆ ಫಂಗಸ್ ರೋಗ ಎಂದದ್ದು ಸರಿಯಾಯಿತಲ್ಲ?" ಎಂದು ನೀವು ಕೇಳಬಹುದು. ಇಲ್ಲ. ಇಡ್ಲಿ ಹಿಟ್ಟು ಹುದುಗಿಸುವುದೂ ಸೂಕ್ಷ್ಮಜೀವಿಗಳೇ, ಹೊಟ್ಟೆ ಕೆಡಿಸುವುದೂ ಸೂಕ್ಷ್ಮಜೀವಿಗಳೇ. ಯಾವುದು, ಎಲ್ಲಿದೆ, ಏನು ಮಾಡುತ್ತಿದೆ ಎಂಬುದು ಮುಖ್ಯ.

ಮಾತು 1: "ಇದು ಮರದ ಸಾರ ಹೀರುತ್ತದೆ"

ತಪ್ಪು. ಲೈಕನ್‌ಗೆ ಬೇರಿಲ್ಲ. ಎಲೆಯಂಥ ಲೈಕನ್‌ಗಳ ಅಡಿಯಲ್ಲಿ ಕೂದಲಿನಂಥ ಎಳೆಗಳಿರುತ್ತವೆ. ಅವು ತೊಗಟೆಯ ಹೊರಗಿನ ಸತ್ತ ಪದರಕ್ಕೆ ಅಂಟಿಕೊಳ್ಳಲು ಮಾತ್ರ. ಮರದ ನೀರು, ಆಹಾರ ಹರಿಯುವ ಜೀವಂತ ಪದರದಿಂದ ಅವು ಏನನ್ನೂ ಹೀರುವುದಿಲ್ಲ. ಲೈಕನ್‌ಗೆ ನೀರು ಸಿಗುವುದು ಮಳೆ, ಮಂಜು, ಇಬ್ಬನಿಯಿಂದ. ಆಹಾರ ಸಿಗುವುದು ತನ್ನೊಳಗಿನ ಪಾಚಿಯಿಂದ. ಅದಕ್ಕೇ ಇದು ಬಂಡೆ, ಹೆಂಚು, ಹಳೆಯ ಕಾಂಪೌಂಡು, ದೇವಸ್ಥಾನದ ಕಲ್ಲಿನ ಮೇಲೂ ಬೆಳೆಯುತ್ತದೆ. ಕಲ್ಲಿನಲ್ಲಿ ಹೀರಲು ಯಾವ ಸಾರ ಇದೆ ಹೇಳಿ?

ನಿಜವಾಗಿ ಸಾರ ಹೀರುವುದು ಬಂದಳಿಕೆ. ಮಾವಿನ ಮರಗಳಲ್ಲಿ ನೀವು ನೋಡಿಯೇ ಇರುತ್ತೀರಿ. ಅದು ತನ್ನ ಬೇರಿನಂಥ ಅಂಗವನ್ನು ಕೊಂಬೆಯ ಒಳಗೇ ಇಳಿಸಿ ನೀರು, ಲವಣ ಕದಿಯುತ್ತದೆ. ಲೈಕನ್‌ಗೂ ಬಂದಳಿಕೆಗೂ ಇರುವ ವ್ಯತ್ಯಾಸ, ಗೋಡೆಗೆ ಅಂಟಿಸಿದ ಪೋಸ್ಟರಿಗೂ ಗೋಡೆ ಕೊರೆದ ಕಳ್ಳನಿಗೂ ಇರುವ ವ್ಯತ್ಯಾಸ.

ಹಾಗಾದರೆ ಸೊರಗಿದ ಮರದ ಮೇಲೆ ಲೈಕನ್ ಹೆಚ್ಚಾಗಿ ಕಾಣುವುದು ಏಕೆ? ಇಲ್ಲಿ ಕಾರಣ ಮತ್ತು ಪರಿಣಾಮ ಅದಲು ಬದಲಾಗಿದೆ. ಮರ ಸೊರಗಿ ಎಲೆ ಉದುರಿದಾಗ ಕಾಂಡಕ್ಕೆ ಹೆಚ್ಚು ಬೆಳಕು ಬೀಳುತ್ತದೆ. ಬೆಳವಣಿಗೆ ನಿಧಾನವಾದಾಗ ತೊಗಟೆ ಅಲುಗಾಡದೆ ನಿಲ್ಲುತ್ತದೆ. ಎರಡೂ ಲೈಕನ್‌ಗೆ ಅನುಕೂಲ. ಲೈಕನ್ ಬಂದಿದ್ದರಿಂದ ಮರ ಸೊರಗಲಿಲ್ಲ, ಮರ ಸೊರಗಿದ್ದರಿಂದ ಲೈಕನ್‌ಗೆ ಜಾಗ ಸಿಕ್ಕಿತು.

ಹಾಗಾಗಿ ಮರ ಸೊರಗಿದ್ದರೆ ಮಚ್ಚೆ ಬಿಟ್ಟು ಬೇರೆ ಕಡೆ ನೋಡಿ. ಬುಡದಲ್ಲಿ ತಟ್ಟೆಯಾಕಾರದ ಅಣಬೆ ಎದ್ದಿದೆಯೇ? ಅಡಿಕೆಯ ಅಣಬೆ ರೋಗಕ್ಕೆ ಕಾರಣವಾದ ಗ್ಯಾನೋಡರ್ಮಾ ಶಿಲೀಂಧ್ರ ಹೀಗೆಯೇ ಬುಡದಲ್ಲಿ ಕಾಣಿಸಿಕೊಳ್ಳುತ್ತದೆ. ಕಾಂಡದಿಂದ ಅಂಟು ಅಥವಾ ಕಂದು ರಸ ಸೋರುತ್ತಿದೆಯೇ? ತೊಗಟೆಯಲ್ಲಿ ತೂತು, ಮರದ ಹುಡಿ ಇದೆಯೇ? ಎಲೆ ಹಳದಿಯಾಗಿ ತುದಿಯಿಂದ ಒಣಗುತ್ತಿದೆಯೇ? ಇವು ರೋಗ, ಕೀಟದ ಸೂಚನೆಗಳು. ಇವುಗಳ ಫೋಟೋ ತೆಗೆದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯವರಿಗೆ ತೋರಿಸಿ.

ಕೊಳೆರೋಗಕ್ಕೆ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಸಿಂಪಡಿಸುವುದು ಬೇರೆ ವಿಷಯ, ಅದನ್ನು ನಿಲ್ಲಿಸಿ ಎಂದು ನಾವು ಹೇಳುತ್ತಿಲ್ಲ. ಆದರೆ ಕಾಂಡದ ಬಿಳಿ ಮಚ್ಚೆ ಹೋಗಲಿ ಎಂದೇ ಅದನ್ನು ಸುರಿದರೆ ಮರಕ್ಕೆ ಲಾಭವಿಲ್ಲ. ತಾಮ್ರದಿಂದ ಲೈಕನ್ ಸಾಯಬಹುದು, ನಿಮ್ಮ ದುಡ್ಡೂ ಹೋಗುತ್ತದೆ, ಅಷ್ಟೇ.

ಮಾತು 2: "ಮುಟ್ಟಿದರೆ ಚರ್ಮಕ್ಕೆ ಹರಡುತ್ತದೆ"

ಈ ಗೊಂದಲಕ್ಕೆ ಒಂದು ಕಾರಣ ಹೆಸರು. ಮೊಬೈಲಿನಲ್ಲಿ ಲೈಕನ್ ಎಂದು ಹುಡುಕಿದರೆ ಲೈಕನ್ ಪ್ಲಾನಸ್ ಎಂಬ ಚರ್ಮದ ತೊಂದರೆಯ ಚಿತ್ರಗಳೂ ಬರುತ್ತವೆ. ಆ ತೊಂದರೆಯ ಗುಳ್ಳೆಗಳು ನೋಡಲು ಮರದ ಮೇಲಿನ ಲೈಕನ್‌ನಂತೆ ಕಂಡಿದ್ದರಿಂದ ವೈದ್ಯರು ಆ ಹೆಸರಿಟ್ಟರು. ಮರದ ಲೈಕನ್‌ನಿಂದ ಅದು ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ. ಹಾಗೆಯೇ ಮರದ ಬಿಳಿ ಮಚ್ಚೆಗೂ ಮನುಷ್ಯರ ತೊನ್ನಿಗೂ ಯಾವ ಸಂಬಂಧವೂ ಇಲ್ಲ. ತೊನ್ನು ಕೂಡ ಅಂಟುರೋಗವಲ್ಲ.

ಒಂದು ಎಚ್ಚರಿಕೆ ಮಾತ್ರ ನಿಜ. ಕೆಲವು ಲೈಕನ್‌ಗಳಲ್ಲಿ ಅಸ್ನಿಕ್ ಆಮ್ಲದಂಥ ರಾಸಾಯನಿಕಗಳಿವೆ. ದಿನವೂ ತೊಗಟೆ, ಸೌದೆ ಮುಟ್ಟಿ ಕೆಲಸ ಮಾಡುವ ಕೆಲವರಿಗೆ ಇದರಿಂದ ಅಲರ್ಜಿ, ತುರಿಕೆ ಬರಬಹುದು. ಅದು ಸೋಂಕಲ್ಲ, ಅಲರ್ಜಿ. ಮಕ್ಕಳು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದರೆ ಹೆದರಬೇಕಿಲ್ಲ, ಕೈ ತೊಳೆದರೆ ಸಾಕು.

ಮಾತು 3: "ಇದು ಇದ್ದರೆ ಗಾಳಿ ಶುದ್ಧ"

ಇದು ಅರ್ಧ ಸತ್ಯ. ಪೂರ್ತಿ ಸುಳ್ಳಿಗಿಂತ ಅರ್ಧ ಸತ್ಯವೇ ಹೆಚ್ಚು ಬೇಗ ಹರಡುತ್ತದೆ, ಅದಕ್ಕೆ ಸ್ವಲ್ಪ ವಿವರವಾಗಿ ನೋಡೋಣ.

ಗಿಡಗಳ ಎಲೆಗೆ ಮೇಣದ ಹೊದಿಕೆ ಇದೆ, ತೆರೆದು ಮುಚ್ಚುವ ರಂಧ್ರಗಳಿವೆ. ಲೈಕನ್‌ಗೆ ಎರಡೂ ಇಲ್ಲ. ಗಾಳಿ, ಮಳೆನೀರಿನಲ್ಲಿ ಬಂದದ್ದನ್ನೆಲ್ಲ ಅದು ಮೈಯಿಂದಲೇ ಹೀರಿಕೊಳ್ಳುತ್ತದೆ. ಒಳ್ಳೆಯದು, ಕೆಟ್ಟದ್ದು ಎಂದು ಆರಿಸುವುದಿಲ್ಲ. 1866ರಲ್ಲಿ ಫಿನ್ಲೆಂಡಿನ ವಿಲಿಯಂ ನೈಲ್ಯಾಂಡರ್ ಪ್ಯಾರಿಸ್ಸಿನ ಲಕ್ಸಂಬರ್ಗ್ ಉದ್ಯಾನದ ಲೈಕನ್‌ಗಳನ್ನು ಅಧ್ಯಯನ ಮಾಡಿ, ಇವು ಗಾಳಿಯ ಗುಣ ತಿಳಿಸುವ ಅಳತೆಗೋಲಾಗಬಲ್ಲವು ಎಂದು ಬರೆದರು. 1970ರಲ್ಲಿ ಇಂಗ್ಲೆಂಡಿನ ಹಾಕ್ಸ್‌ವರ್ತ್ ಮತ್ತು ರೋಸ್, ಮರದ ಮೇಲೆ ಯಾವ ಲೈಕನ್ ಇದೆ ಎಂದು ನೋಡಿ ಗಾಳಿಯಲ್ಲಿ ಗಂಧಕದ ಡೈಆಕ್ಸೈಡ್ ಎಷ್ಟಿದೆ ಎಂದು ಅಂದಾಜಿಸುವ ಪಟ್ಟಿಯನ್ನೇ ಮಾಡಿದರು. ಕಲ್ಲಿದ್ದಲ ಹೊಗೆಗೆ ಲಂಡನ್ನಿನಲ್ಲಿ ಮಾಯವಾಗಿದ್ದ ಹಲವು ಲೈಕನ್‌ಗಳು, ಹೊಗೆ ಕಡಿಮೆಯಾದ ಮೇಲೆ ಮರಳಿ ಬಂದವು.

1986ರ ಚೆರ್ನೋಬಿಲ್ ಅಣು ದುರಂತದ ನಂತರ ಇನ್ನೊಂದು ಪಾಠ ಸಿಕ್ಕಿತು. ಗಾಳಿಯಲ್ಲಿ ತೇಲಿಬಂದ ವಿಕಿರಣಶೀಲ ಸೀಸಿಯಂ ಸ್ವೀಡನ್, ನಾರ್ವೆಯ ಲೈಕನ್‌ಗಳಲ್ಲಿ ಸೇರಿಕೊಂಡಿತು. ಅವನ್ನು ಮೇಯ್ದ ಹಿಮಸಾರಂಗಗಳ ಮಾಂಸ ತಿನ್ನಲು ಬಾರದಾಯಿತು. ಸಾಮಿ ಜನರ ಬದುಕಿಗೆ ದೊಡ್ಡ ಪೆಟ್ಟು ಬಿತ್ತು.

ಹಾಗಾದರೆ ಅರ್ಧ ಸತ್ಯ ಏಕೆ? ಏಕೆಂದರೆ ಎಲ್ಲ ಲೈಕನ್‌ಗಳೂ ಒಂದೇ ಅಲ್ಲ. ಜಗತ್ತಿನಲ್ಲಿ ಸುಮಾರು 20,000 ಬಗೆ, ಭಾರತದಲ್ಲೇ 2,000ಕ್ಕೂ ಹೆಚ್ಚು ಬಗೆಗಳಿವೆ. ಕೆಲವು ಹೊಗೆಯ ವಾಸನೆಗೇ ಸಾಯುತ್ತವೆ, ಕೆಲವು ಟ್ರಾಫಿಕ್ ನಡುವೆಯೂ ಬದುಕುತ್ತವೆ. ಗೊಬ್ಬರ, ಕೊಟ್ಟಿಗೆಗಳಿಂದ ಏಳುವ ಅಮೋನಿಯಾ ಕೆಲವಕ್ಕೆ ಇಷ್ಟವೇ. ಅಂಥ ಕಡೆ ಅವು ಇನ್ನೂ ಹುಲುಸಾಗುತ್ತವೆ. ಆದ್ದರಿಂದ "ಮಚ್ಚೆ ಇದೆ, ಗಾಳಿ ಶುದ್ಧ" ಎನ್ನಲಾಗದು. "ಮಚ್ಚೆ ಇಲ್ಲ, ಗಾಳಿ ಕೆಟ್ಟಿದೆ" ಎಂದೂ ಹೇಳಲಾಗದು. ನೀಲಗಿರಿ, ಸೀಬೆ ಮರಗಳು ಆಗಾಗ ತೊಗಟೆ ಕಳಚುತ್ತವೆ, ಅಲ್ಲಿ ಲೈಕನ್ ನೆಲೆಯೂರಲು ಪುರುಸೊತ್ತೇ ಸಿಗುವುದಿಲ್ಲ. ಸೈಟು ಮಾರುವವರು ಮರದ ಮಚ್ಚೆ ತೋರಿಸಿ ಶುದ್ಧ ಗಾಳಿ ಎಂದರೆ ನಂಬಿಬಿಡಬೇಡಿ.

ಮಾತು 4: "ಪಾಚಿ, ಲೈಕನ್ ಉತ್ತರ ದಿಕ್ಕು ತೋರಿಸುತ್ತವೆ"

ಇದು ಯೂರೋಪಿನಿಂದ ಬಂದ ಮಾತು. ಅಲ್ಲಿ ವರ್ಷವಿಡೀ ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲೇ ಇರುತ್ತಾನೆ. ಹಾಗಾಗಿ ಮರದ ಉತ್ತರ ಮಗ್ಗುಲು ತಂಪು, ತೇವ. ಆದರೆ ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ಇರುತ್ತಾನೆ. ಜೊತೆಗೆ ಮುಂಗಾರಿನ ಎರಚಲು ಹೆಚ್ಚಾಗಿ ನೈಋತ್ಯ, ಪಶ್ಚಿಮದಿಂದ ಬೀಳುತ್ತದೆ. ಕಾಂಡದ ಯಾವ ಕಡೆ ನೀರು ಹರಿಯುತ್ತದೆ, ಪಕ್ಕದಲ್ಲಿ ಗೋಡೆ ಇದೆಯೇ, ಮರ ಯಾವ ಕಡೆ ಬಾಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕಾಡಿನಲ್ಲಿ ದಾರಿ ತಪ್ಪಿದರೆ ಮರದ ಮಚ್ಚೆ ನಂಬಿ ನಡೆಯಬೇಡಿ.

ನೋಡುವುದು ಹೇಗೆ?

ಮೊದಲು ಇದು ಲೈಕನ್ ಹೌದೇ ಎಂದು ಖಚಿತ ಮಾಡಿಕೊಳ್ಳಿ. ಅದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಒಣಗಿದ ಬೂದು ಮಚ್ಚೆಯ ಮೇಲೆ ಸ್ವಲ್ಪ ನೀರು ಚಿಮುಕಿಸಿ ಒಂದೆರಡು ನಿಮಿಷ ಕಾಯಿರಿ. ಹಲವು ಲೈಕನ್‌ಗಳು ಕಣ್ಣೆದುರೇ ಹಸಿರಾಗುತ್ತವೆ. ಮೇಲಿನ ಪದರ ತೇವದಿಂದ ಪಾರದರ್ಶಕವಾಗಿ, ಒಳಗಿನ ಪಾಚಿಯ ಹಸಿರು ಕಾಣುತ್ತದೆ. ಸುಣ್ಣದ ಕಲೆ, ಬಣ್ಣದ ಕಲೆ, ಹಕ್ಕಿಯ ಹಿಕ್ಕೆ ಹೀಗೆ ಹಸಿರಾಗುವುದಿಲ್ಲ. ಹಿಟ್ಟಿನ ಕೀಟದ ಬಿಳಿ ಹತ್ತಿಯಂಥ ಮುದ್ದೆಯನ್ನು ಕಡ್ಡಿಯಿಂದ ಮುಟ್ಟಿದರೆ ಅಂಟಂಟಾಗಿ ಬರುತ್ತದೆ, ಲೈಕನ್ ಹಾಗೆ ಬರುವುದಿಲ್ಲ.

ಮುಂದೆ ಆಕಾರ ನೋಡಿ. ಸ್ಥೂಲವಾಗಿ ಮೂರು ಬಗೆ:

1. ಹಪ್ಪಳದ ಪದರದಂಥವು. ತೊಗಟೆಗೆ ಬಣ್ಣ ಬಳಿದಂತೆ ಅಂಟಿರುತ್ತವೆ, ಉಗುರಿನಿಂದ ಎಬ್ಬಿಸಲಾಗುವುದಿಲ್ಲ.
2. ಎಲೆಯಂಥವು. ಅಂಚುಗಳು ಮೇಲೆದ್ದು ಸುರುಳಿಯಾಗಿರುತ್ತವೆ. ಅಡುಗೆಮನೆಯ ಕಲ್ಲುಹೂವು ಈ ಬಗೆಯದು.
3. ಪೊದೆ ಅಥವಾ ಗಡ್ಡದಂಥವು. ಕೊಂಬೆಯಿಂದ ದಾರದಂತೆ ಜೋತಾಡುತ್ತವೆ. ಕೊಡಗು, ಚಿಕ್ಕಮಗಳೂರಿನ ಮಂಜು ಕವಿಯುವ ಬೆಟ್ಟಗಳ ಕಡೆ ಹೋದಾಗ ಹುಡುಕಿ.

ನಯವಾದ ತೊಗಟೆಯ ಮೇಲೆ ಕೆಲವೊಮ್ಮೆ ಬಿಳಿ ಹಿನ್ನೆಲೆಯಲ್ಲಿ ಕಪ್ಪು ಗೆರೆಗಳು ಅಕ್ಷರದಂತೆ ಕಾಣುತ್ತವೆ. ಅದು ಯಾರೂ ಬರೆದದ್ದಲ್ಲ, ಪವಾಡವೂ ಅಲ್ಲ. ಗ್ರಾಫಿಸ್ ಎಂಬ ಲೈಕನ್ ಬಳಗ ಅದು. ಆ ಗೆರೆಗಳು ಶಿಲೀಂಧ್ರ ಬೀಜಕಣಗಳನ್ನು ಹೊರಬಿಡುವ ಅಂಗಗಳು.

ಮಳೆಯ ಊರುಗಳಲ್ಲಿ ಮರ, ಗೋಡೆಗಳ ಮೇಲೆ ಕಿತ್ತಳೆ-ಕೆಂಪು ಮಖಮಲ್ಲಿನಂಥ ಪದರವೂ ಕಾಣುತ್ತದೆ. ಅದು ಬಹುತೇಕ ಟ್ರೆಂಟಿಪೋಲಿಯಾ ಎಂಬ ಪಾಚಿ. ಹಸಿರು ಪಾಚಿಯ ಬಳಗಕ್ಕೇ ಸೇರಿದರೂ ಕ್ಯಾರೆಟ್ಟಿನಲ್ಲಿರುವಂಥ ವರ್ಣದ್ರವ್ಯದಿಂದ ಕೆಂಪಾಗಿ ಕಾಣುತ್ತದೆ. ಇದೇ ಪಾಚಿ ಹಲವು ಲೈಕನ್‌ಗಳ ಒಳಗೂ ಇದೆ. 2001ರಲ್ಲಿ ಕೇರಳದಲ್ಲಿ ಕೆಂಪು ಮಳೆ ಬಿದ್ದಾಗ ಅನ್ಯಗ್ರಹದ ಜೀವಿಗಳು ಬಂದವೆಂಬ ಸುದ್ದಿಯೂ ಹಬ್ಬಿತ್ತು. ಅಲ್ಲಿನ ವಿಜ್ಞಾನ ಸಂಸ್ಥೆಗಳು ಮಳೆನೀರು ಪರೀಕ್ಷಿಸಿ, ಅದರಲ್ಲಿದ್ದದ್ದು ಲೈಕನ್ ರೂಪಿಸುವ ಟ್ರೆಂಟಿಪೋಲಿಯಾ ಬಳಗದ ಪಾಚಿಯ ಕಣಗಳು ಎಂದು ವರದಿ ಕೊಟ್ಟವು.

ಫೋಟೋ ತೆಗೆಯುವುದು ಹೇಗೆ?

ಒಳ್ಳೆಯ ಫೋಟೋಗೆ ದುಬಾರಿ ಕ್ಯಾಮೆರಾ ಬೇಡ. ಈ ಕ್ರಮ ಸಾಕು:

• ಮೂರು ಫೋಟೋ ತೆಗೆಯಿರಿ. ಮೊದಲು ಇಡೀ ಮರ, ಎರಡನೆಯದು ಒಂದು ಮೊಳ ದೂರದಿಂದ ಕಾಂಡ, ಮೂರನೆಯದು ಹತ್ತಿರದಿಂದ ಮಚ್ಚೆ. ಬರೀ ಹತ್ತಿರದ ಫೋಟೋ ನೋಡಿ ಯಾವ ಮರ, ಎಲ್ಲಿ ಎಂದು ಯಾರೂ ಹೇಳಲಾರರು.

• ತೀರಾ ಹತ್ತಿರ ಹೋಗಬೇಡಿ. ಫೋಕಸ್ ತಪ್ಪುತ್ತದೆ. ಒಂದು ಗೇಣಿನಷ್ಟು ದೂರ ನಿಂತು 2 ಪಟ್ಟು ಝೂಮ್ ಮಾಡಿ, ಪರದೆಯ ಮೇಲೆ ಮಚ್ಚೆಯನ್ನು ಬೆರಳಿನಿಂದ ಒತ್ತಿ ಫೋಕಸ್ ಮಾಡಿ. ಮ್ಯಾಕ್ರೋ ಇದ್ದರೆ ಬಳಸಿ. ಮೊಣಕೈಯನ್ನು ಮರಕ್ಕೆ ಊರಿಕೊಂಡರೆ ಕೈ ನಡುಗುವುದಿಲ್ಲ.

• ಬೆಳಕು ಮೃದುವಾಗಿರಲಿ. ಮೋಡದ ದಿನ ಅಥವಾ ನೆರಳು ಒಳ್ಳೆಯದು. ಫ್ಲ್ಯಾಶ್ ಬೇಡ, ಬಿಳಿ ಮಚ್ಚೆ ಸುಟ್ಟಂತೆ ಬರುತ್ತದೆ. ಬೆಳಕು ಸಾಲದಿದ್ದರೆ ಇನ್ನೊಂದು ಮೊಬೈಲಿನ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ, ಉಬ್ಬು ತಗ್ಗು ಚೆನ್ನಾಗಿ ಕಾಣುತ್ತದೆ.

• ಅಳತೆಗೆ ಪಕ್ಕದಲ್ಲಿ ಸ್ಕೇಲು ಇಡಿ. ಇಲ್ಲದಿದ್ದರೆ 10 ರೂಪಾಯಿ ನಾಣ್ಯ ಹಿಡಿಯಿರಿ, ಅದರ ಅಗಲ 27 ಮಿಲಿಮೀಟರ್.

• ಒಣಗಿದ್ದಾಗ ಒಂದು, ನೀರು ಚಿಮುಕಿಸಿದ ಮೇಲೆ ಒಂದು ತೆಗೆಯಿರಿ. ಬಣ್ಣ ಹೆಚ್ಚಿಸುವ ಫಿಲ್ಟರ್ ಆಫ್ ಮಾಡಿ. ಗುರುತಿಸಲು ಬಣ್ಣವೇ ಮುಖ್ಯ ಸುಳಿವು.

• ತಜ್ಞರಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಸಾಮಾನ್ಯವಾಗಿ ಕಳಿಸಿದ ಫೋಟೋ ಕುಗ್ಗಿ, ಸಣ್ಣ ವಿವರಗಳು ಅಳಿಸಿಹೋಗುತ್ತವೆ.

• ಕೀಳಬೇಡಿ. ಹಪ್ಪಳದಂಥ ಲೈಕನ್‌ಗಳಲ್ಲಿ ಹಲವು ವರ್ಷಕ್ಕೆ ಬೆಳೆಯುವುದು ಒಂದೆರಡು ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆ. ಒಂದು ನಿಮಿಷದಲ್ಲಿ ಕಿತ್ತದ್ದು ಮತ್ತೆ ಬರಲು ಹಲವು ವರ್ಷ ಬೇಕು.

ಫೋಟೋ ನೋಡಿ ಹೆಸರು ಹೇಳುವ ಆ್ಯಪ್‌ಗಳನ್ನು ಪೂರ್ತಿ ನಂಬಬೇಡಿ. ಎಷ್ಟೋ ಲೈಕನ್‌ಗಳ ನಿಖರ ಹೆಸರು ಹೇಳಲು ವಿಜ್ಞಾನಿಗಳಿಗೇ ಸೂಕ್ಷ್ಮದರ್ಶಕ, ರಾಸಾಯನಿಕ ಪರೀಕ್ಷೆ ಬೇಕಾಗುತ್ತದೆ. ಐನ್ಯಾಚುರಲಿಸ್ಟ್‌ನಂಥ ಕಡೆ ಹಾಕಿದರೆ ತಿಳಿದವರು ನೋಡಿ ತಿದ್ದುತ್ತಾರೆ.

ಇನ್ನೂ ಆಸಕ್ತಿ ಇದ್ದರೆ ಯೂರೋಪಿನ ಅಧಿಕೃತ ವಿಧಾನವನ್ನು ಸರಳವಾಗಿ ಮಾಡಬಹುದು. ಅಲ್ಲಿ ನೆಲದಿಂದ 1 ಮೀಟರ್ ಮೇಲೆ, ಕಾಂಡದ ನಾಲ್ಕೂ ದಿಕ್ಕಿಗೆ ತಲಾ ಐದು ಚೌಕಗಳ ಏಣಿ ಹಿಡಿದು ಎಣಿಸುತ್ತಾರೆ. ಒಂದೊಂದು ಚೌಕ 10 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ನೀವು ರಟ್ಟಿನ ಚೌಕ ಕತ್ತರಿಸಿಕೊಂಡು, ಅದರೊಳಗೆ ಎಷ್ಟು ಬಗೆ ಕಾಣುತ್ತವೆ ಎಂದು ಬರೆದಿಡಿ. ಪ್ರತಿ ವರ್ಷ ಅದೇ ತಿಂಗಳು, ಅದೇ ಮರ, ಅದೇ ಜಾಗದ ಫೋಟೋ ತೆಗೆಯಿರಿ. ನಿಮ್ಮ ಬೀದಿಯ ಗಾಳಿ, ಬೆಳಕು, ತೇವದಲ್ಲಿ ಬದಲಾವಣೆ ಆಗುತ್ತಿದೆಯೇ ಎಂಬುದಕ್ಕೆ ಒಂದೇ ಫೋಟೋಗಿಂತ ಈ ಸಾಲು ಫೋಟೋಗಳು ಹೆಚ್ಚು ಹೇಳುತ್ತವೆ. ಶಾಲೆಯ ಮಕ್ಕಳಿಗೆ ಇದು ಒಳ್ಳೆಯ ಪ್ರಾಜೆಕ್ಟ್. ಅವರು ಲ್ಯಾಬಿನಲ್ಲಿ ಬಳಸುವ ಲಿಟ್ಮಸ್ ಬಣ್ಣ ಮೂಲತಃ ಬಂದದ್ದು ಲೈಕನ್‌ಗಳಿಂದಲೇ ಎಂದೂ ಹೇಳಿ.

ಕಿತ್ತು ಮಸಾಲೆಗೆ ಹಾಕಬಹುದೇ?

ಬೇಡ. ಅಂಗಡಿಯ ಕಲ್ಲುಹೂವು ಮುಖ್ಯವಾಗಿ ಪಾರ್ಮೋಟ್ರೀಮಾ ಬಳಗದ್ದು. ನೋಡಲು ಹಾಗೆಯೇ ಇರುವ ಬೇರೆ ಲೈಕನ್‌ಗಳು ಬೇಕಾದಷ್ಟಿವೆ, ಎಲ್ಲವೂ ತಿನ್ನಲು ತಕ್ಕವಲ್ಲ. ಅದಲ್ಲದೆ ರಸ್ತೆ ಬದಿಯ ಲೈಕನ್ ವಾಹನದ ಹೊಗೆ, ಧೂಳಿನಲ್ಲಿರುವ ಲೋಹಗಳನ್ನು ಮೈಯಲ್ಲಿ ತುಂಬಿಕೊಂಡಿರಬಹುದು. ಕಲ್ಲುಹೂವನ್ನು ಕಾಡಿನಿಂದ ತರುವವರೂ ಇದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಕಾಯಿಯಂತೆ ಲೈಕನ್ ಕೂಡ ಸಂಗ್ರಹಿಸುತ್ತ ಬಂದವರು. ಅದು ಅವರು ತಲೆಮಾರುಗಳಿಂದ ಕಲಿತ ಕೆಲಸ. ಬೀದಿಯ ಮರ ಕೆರೆಯುವುದಕ್ಕೂ ಅದಕ್ಕೂ ಹೋಲಿಕೆ ಇಲ್ಲ.

ಇರಲಿ ಬಿಡಿ ಎಂದು ಬಿಟ್ಟರೆ ಲಾಭ ಯಾರಿಗೆ? ಮಿನಿವೆಟ್ ಹಕ್ಕಿ ತನ್ನ ಪುಟ್ಟ ಗೂಡಿಗೆ ಜೇಡರ ಬಲೆಯ ಜೊತೆ ಲೈಕನ್ ಚೂರು ಅಂಟಿಸಿ, ಅದು ಕೊಂಬೆಯ ಗಂಟಿನಂತೆ ಕಾಣುವ ಹಾಗೆ ಮಾಡುತ್ತದೆ. ಎಷ್ಟೋ ಪತಂಗಗಳು ಮಚ್ಚೆ ಮಚ್ಚೆಯ ತೊಗಟೆಯ ಮೇಲೆ ಶತ್ರುವಿನ ಕಣ್ಣಿಗೆ ಬೀಳದೆ ಕೂರುತ್ತವೆ.

ಗುಂಪಿಗೆ ಕಳಿಸಲು ನಾಲ್ಕು ಸಾಲು

ಮುಂದಿನ ಸಲ ಯಾರಾದರೂ ಇಂಥ ಫೋಟೋ ಹಾಕಿ "ಮರಕ್ಕೆ ರೋಗ" ಎಂದರೆ ಇದನ್ನು ಕಳಿಸಿ:

"ಇದು ಲೈಕನ್, ಅಂದರೆ ಕಲ್ಲುಹೂವಿನ ಬಳಗ. ನೀರು ಚಿಮುಕಿಸಿ ನೋಡಿ, ಹಲವು ಬಗೆ ಹಸಿರಾಗುತ್ತವೆ. ಮರದ ಸಾರ ಹೀರುವುದಿಲ್ಲ, ಚರ್ಮಕ್ಕೆ ಹರಡುವುದಿಲ್ಲ. ಕೆರೆಯಬೇಡಿ, ಔಷಧಿ ಬೇಡ. ಮರ ಸೊರಗಿದ್ದರೆ ಬುಡ, ಬೇರು, ಎಲೆ ನೋಡಿ ತಜ್ಞರನ್ನು ಕೇಳಿ."